ಎಂಟು ದಿನ ಬಿಟ್ಟು ಬರ್ರಿ

ಭಕ್ತರೇ, ನನಗೆ ಸಿಟ್ಟು ಬೇಗ ಬರುತ್ತದೆ. ಕಾಲಕಾಲೇಶ್ವರನ ಕೃಪೆಯನ್ನು ಶಾಂತವಾಗಿ ಬರೆಯಬೇಕೆಂದು ಎರಡು ಸಲ ಕುಳಿತೆ, ಆಗಲಿಲ್ಲ. ಸಿಟ್ಟಿನಲ್ಲೇ ಬರೆಯುತ್ತೇನೆ. ಅವನಿಗೆ ನನ್ನ ಸ್ವಭಾವ ಗೊತ್ತು.

ನಾನು ಸವಡಿಯವಳು, ವಯಸ್ಸು ನಲವತ್ತೆಂಟು. ಆರು ತಿಂಗಳು ರೋಣಕ್ಕೆ ಬಸ್ಸಿನಲ್ಲಿ ಓಡಾಡಿ ಕಂಪ್ಯೂಟರ್ ಕಲಿತೆ. ನಮ್ಮ ಹೆಂಗಸರು ಪಿಂಚಣಿ ಅರ್ಜಿಗೂ ರೋಣದಲ್ಲಿ ಸಾಲು ನಿಲ್ಲುವುದು ತಪ್ಪಲೆಂದು ಊರಲ್ಲೇ ಅರ್ಜಿ ಕೇಂದ್ರ ಕೇಳಿದ್ದೆ. ಸೋಮವಾರ ಅಧಿಕಾರಿಗಳು ನೋಡಲು ಬರುವವರಿದ್ದರು. ಅಷ್ಟರಲ್ಲಿ ಕಂಪ್ಯೂಟರ್ ನಡೆಯದಿದ್ದರೆ ಕೇಂದ್ರ ಬೇರೆ ಊರಿನ ಪಾಲು.

ಗುರುವಾರ ಗಜೇಂದ್ರಗಡದ ಅಂಗಡಿಯವನೊಬ್ಬ ಹೊಸ ಕಂಪ್ಯೂಟರ್ ತಂದ. ಆಪರೇಟಿಂಗ್ ಸಿಸ್ಟಮ್ ಹಾಕಲು ಶುರುಮಾಡಿ, "ತಾನ ಹಾಕ್ಕೋತೈತ್ರಿ, ನನಗ ಬಸ್ಸಿಗೆ ಹೊತ್ತಾತು" ಎಂದು ಅರ್ಧಕ್ಕೇ ಎದ್ದುಹೋದ. ನಮ್ಮ ಅತ್ತೆ ಹೊಸ ಯಂತ್ರಕ್ಕೆ ವಿಭೂತಿ ಹಚ್ಚಿ, ದೇವರ ದಾರ ಕಟ್ಟಲು ಜಾಗ ಹುಡುಕಿದರು. ಕಂಪ್ಯೂಟರಿನ ಡಬ್ಬಿಯ ಹಿಂದೆ ತೂತಿರುವ ಒಂದು ಚಿಕ್ಕ ತುಂಡು ಹೊರಗೆ ಚಾಚಿತ್ತು. ಅದರಲ್ಲಿ ದಾರ ಪೋಣಿಸಿ, ತುಂಡೇ ಕಾಣದಂತೆ ಸುತ್ತಿ, ಏಳು ಗಂಟು ಹಾಕಿದರು. ಆಮೇಲೆ ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ.

ಸಿಸ್ಟಮ್ ಹಾಕುವ ಕೆಲಸ ನೂರಕ್ಕೆ ನೂರು ಮುಗಿಯುತ್ತಿತ್ತು. ಯಂತ್ರ ತಾನೇ ಆರಿ ಹೊತ್ತಿಕೊಳ್ಳುತ್ತಿತ್ತು. ಹೊತ್ತಿಕೊಂಡರೆ ಮತ್ತೆ ಮೊದಲಿನ ಪ್ರಶ್ನೆ: ನಿಮ್ಮ ಭಾಷೆ ಯಾವುದು? ಶುಕ್ರವಾರ ಸಂಜೆಯೊಳಗೆ ಐದು ಸಲ ಕೇಳಿತು. ಐದನೆಯ ಸಲ ನಾನು ಉತ್ತರ ಕೊಟ್ಟ ಭಾಷೆ ಇಲ್ಲಿ ಬರೆಯುವಂಥದ್ದಲ್ಲ.

ಶನಿವಾರ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಗಜೇಂದ್ರಗಡಕ್ಕೆ ಹೋದೆ. "ಬೂಟ್ ಆಗವಲ್ದ್ರಿ, ಮತ್ತ ಮತ್ತ ಮೊದಲಿಂದನ ಶುರು ಆಗತೈತಿ" ಎಂದೆ. ಅಂಗಡಿಯವನು ಮೊಬೈಲಿನಿಂದ ತಲೆ ಎತ್ತಲಿಲ್ಲ.

"ಹೆಣ್ಣಮಕ್ಕಳು ಏನರ ಒತ್ತಿರ್ತೀರಿ. ಇಲ್ಲಿಟ್ಟು ಹೋಗ್ರಿ, ಎಂಟು ದಿನ ಬಿಟ್ಟು ಬರ್ರಿ."

"ಸೋಮವಾರ ಬೇಕ್ರಿ."

"ಹಂಗಾದ್ರ ದೇವರಿಗೆ ಕೇಳ್ರಿ."

ಕೇಳಲು ಹೋದೆ. ಕಂಕುಳಲ್ಲಿ ಡಬ್ಬಿ ಹಿಡಿದು ಅಲ್ಲೇ ಹತ್ತಿರದ ಬೆಟ್ಟದಲ್ಲಿರುವ ಕಾಲಕಾಲೇಶ್ವರನ ಗುಡಿಯ ಮೆಟ್ಟಿಲು ಹತ್ತಿದೆ. ಕೈ ಮುಗಿಯಲೂ ಇಲ್ಲ. "ಈ ವಯಸ್ಸಿನ್ಯಾಗ ಕಲ್ತದ್ದು ತಪ್ಪಾತೇನು? ಹೆಣ್ಣಮಕ್ಕಳು ಮುಟ್ಟಿದ್ದೆಲ್ಲಾ ಕೆಡಸ್ತಾರಂತ. ನಿನಗೂ ಎಂಟು ದಿನ ಬೇಕಂದ್ರ ಈಗಲೇ ಹೇಳಿಬಿಡು" ಎಂದು ಜಗಳವಾಡಿದೆ. ಆಮೇಲೆ ಅಳು ಬಂತು. ಕೆಲಸವಾದರೆ ಗುಡಿಯ ಕೆಳಗಿನ ಬೇವಿನ ಮರಕ್ಕೆ ದಾರ ಕಟ್ಟುತ್ತೇನೆಂದು ಹರಕೆ ಹೊತ್ತೆ.

ಕೆಳಗೆ ಹೂ ಮಾರುವ ಮುದುಕಿ ನನ್ನ ಕಥೆ ಕೇಳಿ ಡಬ್ಬಿಯನ್ನು ತಿರುಗಿಸಿ ನೋಡಿದಳು.

"ಹಳೇ ದಾರಾ ಬಿಚ್ಚದ ಹೊಸಾ ಹರಕಿ ಹೊತ್ರ ದೇವರು ಯಾವುದು ಕೇಳಬೇಕವ್ವ? ಮೊದಲ ಇದನ್ನ ತೆಗೆದು ಗಿಡಕ್ಕ ಕಟ್ಟು."

ಅತ್ತೆಯ ಏಳು ಗಂಟು ಬಿಚ್ಚಲು ಬರಲಿಲ್ಲ. ಇದ್ದ ಸಿಟ್ಟೆಲ್ಲ ಹಾಕಿ ಜಗ್ಗಿದೆ. ದಾರದ ಜೊತೆ ತುಂಡೂ ಕಿತ್ತು ಬಂತು. ಮುರಿಯಿತೆಂದುಕೊಂಡೆ. ಸುತ್ತು ಸರಿಸಿ ನೋಡಿದರೆ ಅಂಗಡಿಯವನ ಪೆನ್ ಡ್ರೈವ್. ಬಸ್ಸಿನ ಅವಸರದಲ್ಲಿ ಮರೆತು ಹೋಗಿದ್ದಾನೆ. ಇರಲಿ ಎಂದು ದಾರದ ಸಮೇತ ಬೇವಿನ ಮರಕ್ಕೆ ಕಟ್ಟಿದೆ.

ಮನೆಗೆ ಬಂದು ಗುಂಡಿ ಒತ್ತಿದೆ. ಯಂತ್ರ ಭಾಷೆ ಕೇಳಲಿಲ್ಲ, ನನ್ನ ಹೆಸರು ಕೇಳಿತು. ನಾನು, ಅತ್ತೆ ಇಬ್ಬರೂ ಅತ್ತೆವು. ಸೋಮವಾರ ಅಧಿಕಾರಿಗಳ ಮುಂದೆಯೇ ಮೊದಲ ಅರ್ಜಿ ಹೋಯಿತು.

ಪೆನ್ ಡ್ರೈವ್ ಇದ್ದರೆ ಯಂತ್ರ ಪ್ರತಿಸಲ ಅದರಿಂದಲೇ ಶುರುವಾಗುತ್ತದೆ, ತೆಗೆದರೆ ಸರಿಯಾಗುತ್ತದೆ, ಇದರಲ್ಲಿ ದೇವರೇನು ಬಂತು ಎಂದು ರೋಣದಲ್ಲಿ ಕಂಪ್ಯೂಟರ್ ಕಲಿಸಿದ ಗುರುಗಳು ನಕ್ಕರು. ಇರಬಹುದು. ಆದರೆ ತೆಗೆ ಎಂದು ಅಂಗಡಿಯವನು ಹೇಳಲಿಲ್ಲ, ಮುದುಕಿಯ ಬಾಯಿಂದ ಕಾಲಕಾಲೇಶ್ವರನೇ ಹೇಳಿಸಿದ. ನನ್ನ ನಂಬಿಕೆ ಈಗ ಅತ್ತೆಯ ಗಂಟಿನಷ್ಟು ಬಿಗಿ.

ಮಂಗಳವಾರ ಅಂಗಡಿಯವನ ಫೋನ್ ಬಂತು. "ಅಕ್ಕಾರ, ನನ್ನ ಪೆನ್ ಡ್ರೈವ್ ನಿಮ್ಮಲ್ಲೇ ಉಳದೈತೇನ್ರಿ?"

"ಕಾಲಕಾಲೇಶ್ವರನ ಹಂತ್ಯಾಕ ಐತಿ" ಎಂದೆ. "ಎಂಟು ದಿನ ಬಿಟ್ಟು ಹೋಗಿ ಕೇಳ್ರಿ."