ಹಲ್ಲಕ್ಕನ ಬ್ಲಾಗು

ದಂತವೈದ್ಯರೊಬ್ಬರ ಹಿಂಬದಿ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕೂತು ಕಟ್ಟುಹಲ್ಲು ಮಾಡಿದ ಹೆಂಗಸಿಗೆ ಮನುಷ್ಯರ ಮೇಲೆ ಹೆಚ್ಚು ಗೌರವ ಉಳಿಯುವುದಿಲ್ಲ. ಜನ ಮುಂದಿನ ಕೋಣೆಯಲ್ಲಿ ಬಾಯಿ ತೆರೆಯುತ್ತಿದ್ದರು, ಒಸಡಿನ ಅಚ್ಚು ಅವಳ ಮೇಜಿಗೆ ಬರುತ್ತಿತ್ತು. ಅಚ್ಚು ಕಂಡರೆ ಸಾಕು, ಯಾರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದರು, ಯಾರು ‘ನೋವೇ ಇಲ್ಲ’ ಎಂದು ಹತ್ತು ವರ್ಷ ಸುಳ್ಳು ಹೇಳಿಕೊಂಡು ತಿರುಗಿದರು, ಎಲ್ಲವೂ ಅವಳಿಗೆ ತಿಳಿಯುತ್ತಿತ್ತು. ಬೀದಿಯವರ ಬಾಯಲ್ಲಿ ಅವಳು ಹಲ್ಲಕ್ಕ.

ಸಂಜೆ ಮನೆಗೆ ಬಂದವಳೇ ಈ ಬಾಯಿಗಳನ್ನೆಲ್ಲ ಒಂದೊಂದಾಗಿ ಜಾಲಾಡುತ್ತಿದ್ದಳು. ಕೇಳುವವಳು ಜೊತೆಗಿದ್ದ ಅಕ್ಕ. ಬಟ್ಟೆ ಹೊಲಿಯುವ ಕೆಲಸದವಳು, ತಲೆ ಎತ್ತದೆ ‘ಹೂಂ’ ಅನ್ನುತ್ತಿದ್ದಳು. ಒಂದು ದಿನ ಗ್ರಂಥಾಲಯದ ಚೀಟಿಯೊಂದನ್ನು ತಂಗಿಯ ಮುಂದೆ ಒಗೆದಳು.

“ಬ್ಲಾಗ್ ಬರೆಯೋದು ಹೇಳಿಕೊಡ್ತಾರಂತೆ. ಹೋಗು. ನನ್ನ ಕಿವಿಗೂ ಒಂದು ರಜ ಬೇಕು.”

ತರಗತಿಯಲ್ಲಿ ಹನ್ನೊಂದು ಜನರಿದ್ದರು. ಹನ್ನೊಂದು ಜನಕ್ಕೆ ಮೇಷ್ಟ್ರು ಕಾಲರಿಗೆ ಮೈಕು ಸಿಕ್ಕಿಸಿಕೊಂಡಿದ್ದರು. “ನಿಮ್ಮೊಳಗಿನ ಧ್ವನಿಗಾಗಿ ಜಗತ್ತು ಕಾಯ್ತಾ ಇದೆ” ಎಂದರು. ಮನೆಯಲ್ಲಿ ಅಕ್ಕನೇ ಕಾಯುತ್ತಿಲ್ಲ, ಇನ್ನು ಜಗತ್ತು ಎಂದುಕೊಂಡು ಹಲ್ಲಕ್ಕ ಮೂಗು ಮುರಿದಳು. ಪಕ್ಕದಲ್ಲಿ ತೂಕ ಅಳತೆ ಇಲಾಖೆಯ ನಿವೃತ್ತ ಅಧಿಕಾರಿ. ಬ್ಲಾಗಿನ ಹಿನ್ನೆಲೆಗೆ ತಿಳಿನೀಲಿಯೋ ತಿಳಿಹಸಿರೋ ಎಂದು ಮೂರು ಶನಿವಾರ ತಲೆ ಕೆರೆದುಕೊಂಡವರು. ಅವರಾಚೆಗೆ, ಹಿಡಿದ ಒಂದು ಕೆಲಸವನ್ನೂ ಮುಗಿಸದ ಯುವಕನೊಬ್ಬ ‘ಯಶಸ್ಸಿನ ಏಳು ಸೂತ್ರಗಳು’ ಬರೆಯುತ್ತಿದ್ದ. ಎರಡನೆಯ ಸೂತ್ರಕ್ಕೇ ಅವನ ಸರಕು ಖಾಲಿಯಾಗಿತ್ತು.

ಇವರನ್ನೆಲ್ಲ ನೋಡಿ ಒಳಗೊಳಗೇ ನಕ್ಕವಳು ತಾನು ಬರೆದದ್ದೇನು? ‘ಮುಂಜಾನೆಯ ಮಂಜಿನ ಹನಿಯಲ್ಲಿ ಬದುಕಿನ ಅರ್ಥ.’ ಒಂಬತ್ತು ಸಲ ನೋಡಲಾಗಿದೆ ಎಂದು ಪರದೆ ಹೇಳಿತು. ಅದರಲ್ಲಿ ಏಳು ಸಲ ನೋಡಿದವಳು ಅವಳೇ.

ಅಕ್ಕ ಕನ್ನಡಕ ಏರಿಸಿ ಪೂರ್ತಿ ಓದಿದಳು. “ನೀನು ಏಳೋದೇ ಎಂಟು ಗಂಟೆಗೆ. ಮಂಜು ಯಾವಾಗ ನೋಡಿದೆ?”

“ಬರವಣಿಗೆ ಅಂದ್ರೆ ಹಾಗೇ ಇರುತ್ತೆ.”

“ಸುಳ್ಳು ಹಲ್ಲು ಮಾಡೋದು ಸಾಲದು ಅಂತ ಈಗ ಸುಳ್ಳು ಮಂಜು ಬೇರೆ!”

ಹಲ್ಲಕ್ಕನಿಗೆ ಮೈಯೆಲ್ಲ ಉರಿಯಿತು. ಆದರೆ ಮರುದಿನ ತಾನೇ ಓದಿ ನೋಡಿದಾಗ, ಎಂಥ ಅಗ್ಗದ ಮಾಲು ಎನಿಸಿತು. ಅಳಿಸಿಹಾಕಿದಳು. ಒಂದೂವರೆ ತಿಂಗಳು ಆ ಕಡೆ ತಲೆಹಾಕಲಿಲ್ಲ.

ಮತ್ತೆ ಬರೆಸಿದ್ದು ಸಿಟ್ಟು. ಅವಳು ಒಂದು ವಾರ ಕೂತು ಮಾಡಿದ ಹಲ್ಲಿನ ಸೆಟ್ಟನ್ನು ಡಾಕ್ಟರು ಚೀಟಿ ಹಚ್ಚಿ ವಾಪಸು ಕಳಿಸಿದ್ದರು: ‘ಇನ್ನೂ ಬಿಳಿ ಬೇಕಂತೆ. ಹಾಲಿನ ಹಾಗೆ.’ ಹಲ್ಲು ಹಾಕಿಕೊಳ್ಳುವ ಮಹಾಶಯನಿಗೆ ಎಪ್ಪತ್ತೊಂಬತ್ತು. ಆಗಷ್ಟೇ ಇನ್ನೊಂದು ಅಚ್ಚಿಗೆ ಪ್ಲಾಸ್ಟರಿನ ಗಾರೆ ಸುರಿದಿದ್ದಳು. ಅದು ಗಟ್ಟಿಯಾಗಲು ನಲವತ್ತು ನಿಮಿಷ ಬೇಕು. ಆ ನಲವತ್ತು ನಿಮಿಷದಲ್ಲಿ ಗಾರೆ ಮೆತ್ತಿದ ಬೆರಳಲ್ಲೇ ಫೋನಿನಲ್ಲಿ ಬರೆದಳು: ‘ಎಪ್ಪತ್ತೊಂಬತ್ತರ ಬಾಯಿಗೆ ಹತ್ತೊಂಬತ್ತರ ಹಲ್ಲು.’ ವಯಸ್ಸಾದವರ ಹಲ್ಲು ಏಕೆ ತುಸು ಹಳದಿಯಿರಬೇಕು, ಸಾಲು ಒಂದಿಷ್ಟು ವಕ್ರವಿದ್ದರೆ ಏಕೆ ಚಂದ, ಹಾಲುಬಿಳುಪಿನ ಮುದುಕ ನಕ್ಕರೆ ಮಕ್ಕಳು ಏಕೆ ಬೆದರುತ್ತವೆ, ಎಲ್ಲ ಬರೆದಳು. ತಿದ್ದದೆ, ಹೆಸರೂ ಬರೆಯದೆ ಹಾಗೇ ಹಾಕಿದಳು.

ಸಂಜೆ ಅಕ್ಕ ಓದಿ ನಕ್ಕ ನಗುವಿಗೆ ಸೂಜಿ ಬೆರಳಿಗೆ ಚುಚ್ಚಿತು. ವಾರದಲ್ಲಿ ನಾನೂರು ಜನ ಓದಿದರು. ಯಾರೋ ಕೇಳಿದ್ದರು: ‘ಅಮ್ಮ ಊಟದ ಹೊತ್ತಿಗೆ ಸೆಟ್ಟು ತೆಗೆದು ಕರ್ಚೀಫಿನಲ್ಲಿ ಬಚ್ಚಿಡುತ್ತಾರೆ, ಯಾಕೆ?’ ‘ಒಸಡಿಗೆ ಒತ್ತುತ್ತದೆ. ಹೇಳಿಕೊಳ್ಳಲು ಅವರಿಗೆ ನಾಚಿಕೆ. ನೀವೇ ಕೇಳಬಾರದಿತ್ತೇ?’ ಎಂದು ಹಲ್ಲಕ್ಕ ಗದರಿದಂತೆ ಉತ್ತರಿಸಿದಳು. ಆ ಪ್ರಶ್ನೆಯನ್ನು ಮಾತ್ರ ನಾಲ್ಕು ಸಲ ಓದಿಕೊಂಡಳು.

‘ವಾರಕ್ಕೆ ಎರಡು’ ಎಂಬ ಮೇಷ್ಟ್ರ ನಿಯಮವನ್ನು ಗಾಳಿಗೆ ತೂರಿ, ಗುರುವಾರಕ್ಕೊಂದರಂತೆ ಬರೆಯತೊಡಗಿದಳು. ಗಾರೆ ಗಟ್ಟಿಯಾಗುವಷ್ಟು ಹೊತ್ತು, ಅದಕ್ಕಿಂತ ಒಂದು ನಿಮಿಷ ಹೆಚ್ಚಿಲ್ಲ.

ಡಾಕ್ಟರಿಗೆ ಸುದ್ದಿ ತಲುಪಲು ನಾಲ್ಕು ತಿಂಗಳು ಹಿಡಿಯಿತು. ಒಂದು ಬೆಳಿಗ್ಗೆ ತೆಳು ಗೋಡೆಯಾಚೆಯಿಂದ ಅವರ ದನಿ ಕೇಳಿತು.

“ನಮ್ಮ ಬ್ಲಾಗ್ ಓದ್ತೀರಾ? ಟೈಮೇ ಸಿಗಲ್ಲ. ಆದ್ರೂ ಬರೀತೀನಿ, ಹವ್ಯಾಸ ನೋಡಿ.”

“ನೀವೇನಾ ಅದು? ಎಷ್ಟು ತಮಾಷೆಯಾಗಿ ಬರೀತೀರಿ ಡಾಕ್ಟ್ರೇ!” ಕುರ್ಚಿಯಲ್ಲಿದ್ದ ಹೆಂಗಸಿನ ದನಿ.

ಹಲ್ಲಕ್ಕ ಪಾಲಿಶ್ ಚಕ್ರ ನಿಲ್ಲಿಸಿದಳು. ಬಿಡಿ ಹಲ್ಲುಗಳನ್ನು ಅಂಗೈಯಲ್ಲಿ ಹಿಡಿದು, ಗಾರೆಯ ಏಪ್ರನ್ನಿನಲ್ಲೇ ಮುಂದಿನ ಕೋಣೆಗೆ ನಡೆದಳು.

“ಡಾಕ್ಟ್ರೇ, ಮುಂದಿನ ವಾರ ಕೋರೆಹಲ್ಲಿನ ಬಗ್ಗೆ ಬರೀತೀರಲ್ಲ, ಇದರಲ್ಲಿ ಮೇಲಿನ ಎಡಗಡೆದು ಯಾವುದು ಅಂತ ತೆಗೆದುಕೊಡಿ. ಓದುಗರು ಕೇಳ್ತಿದ್ದಾರೆ.”

ಡಾಕ್ಟರು ಹಲ್ಲುಗಿಂಜಿದರು. ಕಾಲೇಜು ಬಿಟ್ಟ ಮೇಲೆ ಬಿಡಿ ಹಲ್ಲು ಮುಟ್ಟಿದವರಲ್ಲ. ಗಡಿಬಿಡಿಯಲ್ಲಿ ಒಂದನ್ನು ಆರಿಸಿದರು.

“ಇದು ಕೆಳಗಿನದು. ಅದೂ ಬಲಗಡೆದು,” ಎಂದು ಅದನ್ನು ಅವರ ಬೆರಳುಗಳಿಂದ ತೆಗೆದುಕೊಂಡು ಹಲ್ಲಕ್ಕ ಹಿಂದಿರುಗಿದಳು. ಕುರ್ಚಿಯಲ್ಲಿದ್ದ ಹೆಂಗಸು ಬಾಯಿ ಮುಚ್ಚಲು ಮರೆತು ಕೂತಿದ್ದಳು.

ನಾಲ್ಕು ದಿನ ಡಾಕ್ಟರದು ಬರೀ ಚೀಟಿಯಲ್ಲೇ ವ್ಯವಹಾರ. ಅವಳನ್ನು ಕೆಲಸದಿಂದ ಬಿಡಿಸಿದರೆ ಅಂಥ ಕೈ ಇನ್ನೊಂದು ಸಿಗದೆಂದು ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಗುರುವಾರ ಆ ಪ್ರಸಂಗವನ್ನೇ ಖಾರವಾಗಿ ಬರೆದು ಅಕ್ಕನಿಗೆ ತೋರಿಸಿದಳು.

“ಬೇಡ ಕಣೇ. ಪಾಪ, ಆಗಲೇ ಮರ್ಯಾದೆ ಹೋಗಿದೆ,” ಎಂದಳು ಅಕ್ಕ.

ಹಲ್ಲಕ್ಕ ಅಳಿಸಿದಳು. ಪಾಪ ಎನಿಸಿದ್ದಕ್ಕಲ್ಲ, ಒಂದು ಇಡೀ ಗುರುವಾರ ಖರ್ಚು ಮಾಡುವಷ್ಟು ಯೋಗ್ಯತೆ ಆ ಮನುಷ್ಯನಿಗಿಲ್ಲ ಎನಿಸಿದ್ದಕ್ಕೆ. ಬದಲಿಗೆ ಬ್ಲಾಗಿನ ನೆತ್ತಿಯ ಮೇಲೆ ತನ್ನ ಹೆಸರು ಹಾಕಿ, ಕೆಳಗೆ ಒಂದು ಸಾಲು ಸೇರಿಸಿದಳು: ‘ಬರೆಯುವವಳೂ ನಾನೇ, ಹಲ್ಲು ಕಟ್ಟುವವಳೂ ನಾನೇ.’

ಅದಾದ ಎರಡೇ ವಾರಕ್ಕೆ ಬ್ಲಾಗು ಓದಿದ ಬಸ್ ಚಾಲಕನೊಬ್ಬ ನೇರ ಹಿಂಬಾಗಿಲು ತಟ್ಟಿದ. ಅವನ ಸೆಟ್ಟು ಮಾತಿಗೊಮ್ಮೆ ಟಕಟಕ ಎನ್ನುತ್ತಿತ್ತು. ಬೇರೆ ಯಾರೋ ಮಾಡಿದ ಸೆಟ್ಟು. “ಇದನ್ನ ಮಾಡಿದವನು ಕುರ್ಚಿ ಮಾಡಬೇಕಿತ್ತು,” ಎಂದು ಬೈಯುತ್ತಲೇ ಅವಳು ಅದನ್ನು ಅರ್ಧ ಗಂಟೆ ಉಜ್ಜಿ ಸರಿಮಾಡಿದಳು. ಅವನು ಹಾಕಿಕೊಂಡು ಏನೋ ಹೇಳಹೋದ, ಟಕ್ ಎನ್ನಲಿಲ್ಲ. ಏನು ಹೇಳಬೇಕೆಂದಿದ್ದನೋ ಮರೆತು, ಸುಮ್ಮನೆ ಒಂದರಿಂದ ಇಪ್ಪತ್ತರವರೆಗೆ ಜೋರಾಗಿ ಎಣಿಸಿದ.

“ಸಾಕು, ಬಸ್ಸಿಗೆ ಹೊತ್ತಾಯ್ತು ಹೋಗಿ,” ಎಂದಳು ಹಲ್ಲಕ್ಕ. ಅವನು ಹೋದ ಮೇಲೆ ಕ್ಯಾಲೆಂಡರ್ ನೋಡಿದಳು. ಅಂದು ಮಂಗಳವಾರ. ಆದರೂ ಬರೆಯಲು ಫೋನು ತೆಗೆದಳು.