ಹಾಯಿಯಿಂದ ಜೋತುಬಿದ್ದ ಕೆಂಪೆಳೆ

ನೀರಿನ ಚಿತ್ರ ಕಂಡರೂ ಕಾಲು ಮೇಲೆತ್ತಿಕೊಳ್ಳುವ ಮನುಷ್ಯ ನಾನು. ನಗಬೇಡಿ. ರಬಕವಿಯಲ್ಲಿ ನೆಲ ತೋಡಿ ಹೂಡಿದ ಕುಣಿಮಗ್ಗದೊಳಗೆ ಕಾಲಿಳಿಬಿಟ್ಟು ಸೀರೆ ನೇಯುವವನಿಗೆ ಹೆದರಿಕೆ ಎದೆಯಿಂದಲ್ಲ, ಅಂಗಾಲಿನಿಂದ ಶುರುವಾಗುತ್ತದೆ. ಕೃಷ್ಣೆ ಏರಿದ್ದು ಊರಿಗೆ ಗೊತ್ತಾಗುವ ಮೊದಲೇ ಕುಣಿಯ ಮಣ್ಣು ತಣ್ಣಗಾಗುತ್ತದೆ. ಮಳೆಗಾಲ ಬಂತೆಂದರೆ ದಿನಕ್ಕೆ ಹತ್ತು ಸಲ ಬಗ್ಗಿ ಮುಟ್ಟಿ ನೋಡುತ್ತೇನೆ. "ಕುಣಿಗೆ ಜ್ವರ ಬಂದಾವೇನ್ರಿ?" ಎಂದು ಹೆಂಡತಿ ಕಾಡುತ್ತಾಳೆ.

ಇಂಥವನ ಕಣ್ಣೆದುರೇ ಮಗಳು ಭಾಗ್ಯಾ ಮೊನ್ನೆ ಜಲವರ್ಣದ ಹಡಗೊಂದನ್ನು ಬರೆದು ತೂಗುಹಾಕಿದಳು. ಜಮಖಂಡಿಯ ಕಾಲೇಜಿಗೆ ಹೋಗುವವಳು, ಸಮುದ್ರ ನೋಡಿದವಳಲ್ಲ. ಎಂಥ ಹಡಗು ಅಂತೀರಿ! ಮೀನಿನ ರೆಕ್ಕೆ, ನವಿಲಿನ ಕೊರಳು. ಹಾಯಿಗಳೆಲ್ಲ ನಾನೇ ನೇಯ್ದ ಸೀರೆಗಳು. ನೀಲಿ ಬಣ್ಣ ಕಾಗದದ ಮೇಲೆ ಇನ್ನೂ ಹರಡುತ್ತಲೇ ಇದೆಯೇನೋ ಎಂದು ನನಗೆ ಗಾಬರಿ. ಕೆಳಗೆ ನಮ್ಮ ಓಣಿಯ ಮಾಳಿಗೆಗಳು ಮುಳುಗಿವೆ. ಹಡಗಿನ ಮೇಲೆ ಹೆಂಡತಿ ಇದ್ದಾಳೆ, ಭಾಗ್ಯಾ ಇದ್ದಾಳೆ, ಎಮ್ಮೆಯೂ ಇದೆ. ನಾನಿಲ್ಲ.

 ಹಾಗಾದರೆ ನಾನು ಆ ನೀಲಿಯ ಅಡಿಗೋ? ಕೇಳಲು ಧೈರ್ಯವಾಗಲಿಲ್ಲ. ಹೆದರಿದಾಗ ನಾನು ಪಂಡಿತನಾಗುತ್ತೇನೆ. ಹಡಗು ಬಡಿಗನ ಕೆಲಸವೆಂದು ಜನ ತಿಳಿದಿದ್ದಾರೆ, ನೇಕಾರ ಹಾಯಿ ಕೊಡದಿದ್ದರೆ ಅದು ಬರೀ ತೇಲುವ ಕಟ್ಟಿಗೆಯ ರಾಶಿ ಎಂದೆಲ್ಲ ಭಾಷಣ ಬಿಗಿದೆ. ಆಮೇಲೆ ಮೂಗು ತಾಗುವಷ್ಟು ಹತ್ತಿರ ಹೋಗಿ ಹಾಯಿ ಪರೀಕ್ಷಿಸಿದೆ. ಸೆರಗಿನಿಂದ ಕೆಂಪೆಳೆಯೊಂದು ನೀರಿನತನಕ ಜೋತುಬಿದ್ದಿತ್ತು.

"ಎಲ್ಲಾ ಛಲೋ ಐತಿ. ಈ ಎಳಿ ಒಂದು ತಗದಬಿಡವ್ವಾ, ಐಬು ಕಾಣತೈತಿ."

"ಅದು ಎಳಿ ಅಲ್ಲಪ್ಪಾ, ಹಗ್ಗ," ಎಂದಳು ಭಾಗ್ಯಾ. "ಹ್ವಾದ ಸಲ ಹೊಳಿ ಏರಿದಾಗ ನಾವೆಲ್ಲಾ ದೋಣಿ ಹತ್ತಿದ್ವಿ. ನೀ ಅರ್ಧ ನೇದ ಸೀರಿ ಬಿಟ್ಟು ಬರಲೇ ಇಲ್ಲ. ಅವ್ವ ಸಂಜಿತನಕ ನೀರಿನ ದಂಡಿ ಮ್ಯಾಲ ನಿಂತು ನಡಗಾಕತ್ತಿದ್ಲು. ಈ ಸಲಾನೂ ನೀ ಏಳಂಗಿಲ್ಲ ಅಂತ ನನಗ ಹೆದರಿಕಿ. ಅದಕ್ಕ ಹಗ್ಗ ಬಿಟ್ಟೇನಿ."

ನನ್ನ ಪಾಂಡಿತ್ಯ ಅಲ್ಲಿಗೆ ಮುಗಿಯಿತು. ಅಂದು ಮಗ್ಗದ ಮೇಲೇರಿ ಕೂತವನನ್ನು ಓಣಿಯವರು ಗಟ್ಟಿಗ ಎಂದಿದ್ದರು, ನಾನೂ ಅಲ್ಲಗಳೆದಿರಲಿಲ್ಲ. ಖರೆ ಹೇಳುತ್ತೇನೆ, ಮಗ್ಗ ಹೋದರೆ ನಾನು ಯಾರು ಎಂಬ ಹೆದರಿಕೆಗೆ ಕೈಕಾಲು ಆಡದೆ ಕೂತಿದ್ದೆ. ನನ್ನ ಹೆದರಿಕೆ ನೋಡಿಕೊಳ್ಳುವ ಗದ್ದಲದಲ್ಲಿ ತಾಯಿ-ಮಗಳ ಹೆದರಿಕೆ ಕಂಡೇ ಇರಲಿಲ್ಲ.

ಇವತ್ತು ಮುಂಜಾನೆ ಕುಣಿಯ ಮಣ್ಣು ತಣ್ಣಗಿತ್ತು. ಅರ್ಧ ಸೀರೆ ಮಗ್ಗದಲ್ಲೇ ಇತ್ತು. ಗೋಡೆಯ ಚಿತ್ರ ಇಳಿಸಿ ಬಗಲಲ್ಲಿಟ್ಟುಕೊಂಡು ಎಲ್ಲರಿಗಿಂತ ಮೊದಲು ಹೊಸ್ತಿಲು ದಾಟಿದೆ.

"ನೀರು ಇನ್ನೂ ದೂರ ಐತೆಪ್ಪಾ!" ಎಂದಳು ಭಾಗ್ಯಾ.

"ಇರಲೇಳು," ಎಂದೆ. "ನೀ ಎಷ್ಟೊತ್ತು ಹಗ್ಗ ಹಿಡಕೊಂಡು ನಿಂದರತಿ? ಕೈ ನೋಯತಾವು."