ಐದು ಮಹಡಿ ಹತ್ತಿಳಿದ ಜೋಳ

ಗೆಳೆಯರೇ, ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ಎಂಟು ಜನರಿದ್ದೇವೆ, ಹಿರಿಯಳು ನಾನು. ನನ್ನನ್ನು ಕೇಳದೆ ಇಲ್ಲಿ ಕುಕ್ಕರ್ ಕೂಡ ಒಲೆ ಏರುವುದಿಲ್ಲ. ಹೀಗಿರುವಾಗ ಇಂದು ಬೆಳಿಗ್ಗೆ ಗಿರಣಿಗೆ ಕಳಿಸೋಣವೆಂದು ಡಬ್ಬಿ ತೆರೆದರೆ ಬೀದರಿನಿಂದ ತರಿಸಿದ್ದ ಜೋಳವೇ ಇಲ್ಲ.

ಜೋಳ ಮೆಟ್ಟಿಲ ಮೇಲಿತ್ತು. ಮೊಮ್ಮಗಳು ಅದನ್ನು ಬೆನ್ನಚೀಲದಲ್ಲಿ ತುಂಬಿಕೊಂಡು ಐದು ಮಹಡಿ ಹತ್ತಿ ಇಳಿಯುತ್ತಿದ್ದಳು. ಅವಳ ಕಾಲೇಜಿನವರು ರಜೆಯಲ್ಲಿ ಮಕ್ಕಳನ್ನು ಏಳು ದಿನ ಬೆಟ್ಟಗಳಲ್ಲಿ ನಡೆಸುತ್ತಾರಂತೆ, ಅದಕ್ಕೆ ಈ ತಾಲೀಮು. ಒಪ್ಪಿಗೆ ಪತ್ರ ಕೊಡಲು ಇಂದೇ ಕಡೆಯ ದಿನ. ಸಹಿ ಹಾಕುವುದಿಲ್ಲ ಎಂದು ಹೇಳಿ ಅವಳಪ್ಪ ಆಫೀಸಿಗೆ ಹೋಗಿಬಿಟ್ಟಿದ್ದ.

ನನಗೆ ಸಿಟ್ಟಿಗಿಂತ ಕುತೂಹಲ ಹೆಚ್ಚಾಯಿತು.

“ಅಲ್ಲಿ ಗುಡಿ ಐತೇನು?”

“ಇಲ್ಲರಿ ಅಜ್ಜಿ.”

“ಮತ್ತ ಮ್ಯಾಲ ಹೋಗಿ ಏನ್ ಮಾಡ್ತಿ?”

“ಸ್ವಲ್ಪ ಹೊತ್ತು ಕುಂತು, ಇಳದು ಬರೋದು.”

“ಅಲ್ಲಿಗೆ ಬಸ್ ಇಲ್ಲೇನು?”

“ಮದುವಿಗೆ ಮೊದಲ ನೀವು ಶ್ರೀಶೈಲಕ್ಕ ನಡದು ಹೋಗಿದ್ರಲ್ಲ, ಆಗ ಬಸ್ ಇರಲಿಲ್ಲೇನ್ರಿ?”

ಇತ್ತು. ಬಸ್ಸಿನಲ್ಲೇ ಹೋಗು ಎಂದು ನನ್ನಪ್ಪ ಕೂಡ ಗದರಿಸಿದ್ದರು. ರೊಟ್ಟಿಯ ಗಂಟು ಹೊತ್ತು ನಡೆದೇ ಹೋದವಳು ನಾನು.

ಪಾಲಕರ ಸಹಿ ಎಂದಿರುವಲ್ಲಿ ಕನ್ನಡದಲ್ಲಿ ನನ್ನ ಪೂರ್ತಿ ಹೆಸರು ಬರೆದು ಅವಳನ್ನು ಕಾಲೇಜಿಗೆ ಕಳಿಸಿದೆ. ಜೋಳ ಗಿರಣಿಗೆ ಹೋಯಿತು. ತಾಲೀಮಿನ ಚೀಲದಲ್ಲಿ ಈಗ ನಮ್ಮ ಒರಳಿನ ಗುಂಡುಕಲ್ಲಿದೆ. ಮಿಕ್ಸರ್ ಬಂದಾಗಿನಿಂದ ಅದೂ ಮೂಲೆಯಲ್ಲಿ ಕೂತು ಕೂತು ಬೇಸತ್ತಿತ್ತು.